ಕೂಸಿಗೆ ಮರಾಠಿ ಬರ್ತದೇನ?

"ತೂ ಯೇಊ ನಕೋಸ್!"

ತನುಶ್ರೀ ಇದನ್ನು ಹೇಳಿದ್ದು ಮಮ್ಮಿಗಲ್ಲ, ಮಮ್ಮಿಯ ಹೊಟ್ಟೆಗೆ.

ಮಮ್ಮಿ ಮಂಚದ ಮೇಲೆ ಎಡಮಗ್ಗುಲಾಗಿ ಮಲಗಿ ನಿದ್ದೆ ಹೋಗಿದ್ದಳು. ತನು ಪಕ್ಕದಲ್ಲಿ ಮೊಣಕಾಲೂರಿ ಕೂತು, ಹೊಟ್ಟೆಯ ಹತ್ತಿರ ಬಾಯಿ ತಂದು, ಹಲ್ಲು ಕಚ್ಚಿಕೊಂಡು ಹೇಳಿದ್ದಳು. ನೀನು ಬರಬೇಡ ಅಂತ. ಅದೂ ಮರಾಠಿಯಲ್ಲಿ!

ಸಿಟ್ಟು ಸುಮ್ಮನೆ ಬಂದಿರಲಿಲ್ಲ. ನಾಳೆ ಭಾನುವಾರ ಎಲ್ಲರೂ ಲೋಣಾವಳಾಕ್ಕೆ ಹೋಗುವುದಿತ್ತು. ಲೋಕಲ್ ಟ್ರೇನು, ಜೋರು ಮಳೆ, ದಾರಿಯಲ್ಲಿ ಸುಟ್ಟ ಮೆಕ್ಕೆತೆನೆ. ತನು ಐದನೇ ಕ್ಲಾಸಿಗೆಲ್ಲ ಡಂಗುರ ಹೊಡೆದು ಬಂದಿದ್ದಳು. ಈಗ ನೋಡಿದರೆ ಡಾಕ್ಟರು ಮಮ್ಮಿಗೆ ಪ್ರಯಾಣ ಬೇಡ ಅಂದುಬಿಟ್ಟರು. ಟ್ರಿಪ್ ಕ್ಯಾನ್ಸಲ್. ಹೋದ ತಿಂಗಳು ಕರೆದುಕೊಂಡು ಹೋಗುವವರಿಲ್ಲ ಅಂತ ಸ್ವಿಮ್ಮಿಂಗ್ ಕ್ಲಾಸೂ ಕ್ಯಾನ್ಸಲ್ ಆಗಿತ್ತು. ಬಾಣಂತನಕ್ಕೆಂದು ಅಣ್ಣಿಗೇರಿಯಿಂದ ರುದ್ರವ್ವಜ್ಜಿ ಬಂದ ಮೇಲೆ ತನುವಿನ ರೂಮು ಅಜ್ಜಿಯ ರೂಮಾಗಿತ್ತು. ಇನ್ನೂ ಹುಟ್ಟೇ ಇಲ್ಲ, ಆಗಲೇ ಎಷ್ಟು ದರ್ಬಾರು ಇದರದು!

ಸರಿ, ಬೈದದ್ದು ಬೈದಳು, ಮರಾಠಿಯಲ್ಲಿ ಯಾಕೆ ಬೈದಳು? ಅದಕ್ಕೂ ಅವಳ ಹತ್ತಿರ ಒಂದು ಲೆಕ್ಕ ಇತ್ತು.

ಅವರ ಮನೆಯಲ್ಲಿ ಚಪ್ಪಲಿಯ ಜೊತೆ ಮರಾಠಿಯನ್ನೂ ಬಾಗಿಲಲ್ಲೇ ಬಿಟ್ಟು ಒಳಗೆ ಬರಬೇಕು. ಪಪ್ಪಾನ ರೂಲು ಅದು. ಹೊರಗೆ ಸ್ಕೂಲು, ಅಂಗಡಿ, ಗೆಳತಿಯರು, ಎಲ್ಲಾ ಮರಾಠಿ. ಒಳಗೆ ಬರೀ ಕನ್ನಡ. ಇನ್ನು ರುದ್ರವ್ವಜ್ಜಿಗಂತೂ ಮರಾಠಿಯ ಗಂಧಗಾಳಿ ಇಲ್ಲ. ಹಾಗಾಗಿ ತನು ಅಜ್ಜಿಗೆ ತಿಳಿಯಬಾರದ ಮಾತನ್ನೆಲ್ಲ ಮರಾಠಿಯಲ್ಲಿ ಗೊಣಗುವುದು ಕಲಿತಿದ್ದಳು. ಕೂಸು ಇರುವುದು ಇನ್ನೂ ಒಳಗಿನ ಒಳಗೆ, ಹೊಟ್ಟೆಯಲ್ಲಿ. ಹಾಗಾದರೆ ಅದಕ್ಕೆ ಬರುವುದು ಕನ್ನಡ ಒಂದೇ ಅಲ್ಲವೇ? ಮರಾಠಿಯಲ್ಲಿ ಬೈದರೆ ತನ್ನ ಸಿಟ್ಟೂ ಇಳಿಯುತ್ತದೆ, ಕೂಸಿಗೂ ತಿಳಿಯುವುದಿಲ್ಲ. ಹಾಗಂತ ಅವಳು ಹಾಯಾಗಿ ಮಲಗಿದಳು.

ಮರುದಿನ ಅಜ್ಜಿ ಅಡುಗೆಮನೆಯಲ್ಲಿ ಉಪ್ಪಿಟ್ಟಿಗೆ ರವೆ ಹುರಿಯುತ್ತಿದ್ದಳು. ಮಮ್ಮಿ ಬಾಗಿಲಿಗೆ ಬಂದು ನಿಂತಳು. ಮುಖ ಬಾಡಿತ್ತು.

"ಅವ್ವಾ, ಮುಂಜಾನಿಂದ ಕೂಸು ಒಮ್ಮೆನೂ ಒದ್ದಿಲ್ಲ. ದಿನಾ ಚಾ ಕುಡಿಯೂದಕ ತಡ ಇಲ್ಲ, ಕುಣಿಯಾಕ ಸುರು ಮಾಡ್ತಿತ್ತು."

ಅಜ್ಜಿ ಗ್ಯಾಸ್ ಆರಿಸಿದಳು. "ಫೋನ್ ಹಚ್ಚವ್ವಾ ಡಾಕ್ಟರಿಗೆ. ಸುಮ್ನ ಕುಂದ್ರೂದು ಬ್ಯಾಡ."

ಫೋನಿನಲ್ಲಿ ಡಾಕ್ಟರು ಈಗಲೇ ಹೊರಟು ಬನ್ನಿ ಅಂದರು. ಪಪ್ಪಾ ಮಳೆಯಲ್ಲೇ ಓಡಿಹೋಗಿ ರಿಕ್ಷಾ ತಂದ. ಮಮ್ಮಿ, ಅಜ್ಜಿ, ತನು ರಿಕ್ಷಾದಲ್ಲಿ ಕೂತರು. ಪಪ್ಪಾ ಹಿಂದೆ ಸ್ಕೂಟರಿನಲ್ಲಿ ಬಂದ.

ತನು ಮಮ್ಮಿಯ ಹೊಟ್ಟೆಯನ್ನೇ ನೋಡುತ್ತಿದ್ದಳು. ನಿನ್ನೆ ಬರಬೇಡ ಅಂದಳು. ಇವತ್ತು ಕೂಸು ಅಲುಗಾಡುತ್ತಿಲ್ಲ. ಛೇ ಛೇ, ಅದಕ್ಕೆ ಮರಾಠಿ ಎಲ್ಲಿ ಬರುತ್ತೆ! ಆದರೂ ಒಮ್ಮೆ ಕೇಳಿಬಿಡೋಣ ಅನಿಸಿತು.

"ಮಮ್ಮಿ, ಕೂಸಿಗೆ ಮರಾಠಿ ಬರ್ತದೇನ?"

ಮಮ್ಮಿಯ ಗಮನವೆಲ್ಲ ಹೊಟ್ಟೆಯ ಮೇಲೆ ಇಟ್ಟ ಕೈಯಲ್ಲಿತ್ತು. "ಹೂಂ... ಬರದ ಏನ? ಬ್ಯಾಂಕಿನ್ಯಾಗ ಸಂಜೀತನಕ ನಾ ಮಾತಾಡೂದು ಮರಾಠೀನ ಅಲ್ಲ? ಕನ್ನಡಕ್ಕಿಂತ ಹೆಚ್ಚಿಗಿ ಅದನ್ನ ಕೇಳೇದ ಅದು."

ಮುಗಿಯಿತು! ಇದು ತನುವಿನ ತಲೆಗೆ ಹೊಳೆದೇ ಇರಲಿಲ್ಲ. ಮಮ್ಮಿ ಎಲ್ಲಿ ಹೋಗುತ್ತಾಳೋ ಕೂಸೂ ಅಲ್ಲಿಗೇ ಹೋಗುತ್ತದೆ. ಏಳು ತಿಂಗಳಿಂದ ಅದು ದಿನಾ ಬ್ಯಾಂಕಿಗೆ ಹೋಗಿ ಬಂದಿದೆ. ಅಂದಮೇಲೆ ನಿನ್ನೆ ಹೇಳಿದ್ದು ಅದಕ್ಕೆ ಚೆನ್ನಾಗಿ ತಿಳಿದಿದೆ. ತಿಳಿದೇ ಅದು ಬರುವುದಿಲ್ಲ ಅಂತ ಕೂತಿದೆ. ತನುವಿನ ಕಣ್ಣು ತುಂಬಿ ಬಂತು. ಅಜ್ಜಿ ಅವಳ ತಲೆ ಸವರಿ, "ಅಂಜಬ್ಯಾಡ, ಏನೂ ಆಗೂದಿಲ್ಲ" ಅಂದಳು. ಪಾಪ, ಅಜ್ಜಿಗೇನು ಗೊತ್ತು!

ಆಸ್ಪತ್ರೆಯಲ್ಲಿ ಮಮ್ಮಿಯನ್ನು ಒಳಗೆ ಮಲಗಿಸಿದರು. ಪಪ್ಪಾ ಕೌಂಟರಿನಲ್ಲಿ ನಿಂತ. ತನುವನ್ನು ಹೊರಗೆ ಕೂರಿಸಿದ ಅಜ್ಜಿ, "ಇಲ್ಲೇ ಇರು" ಅಂತ ಒಳಗೆ ಹೋದಳು. ತನು ಕೂರಬೇಕಲ್ಲ? ಅಜ್ಜಿಯ ಬೆನ್ನಿಗೇ ಪರದೆ ಸರಿಸಿ ನುಗ್ಗಿದಳು.

ನರ್ಸ್ ಮಮ್ಮಿಯ ಹೊಟ್ಟೆಗೆ ಒಂದು ಅಗಲ ಬೆಲ್ಟು ಕಟ್ಟುತ್ತಿದ್ದಳು. ಡಾಕ್ಟರು ಮಷೀನು ನೋಡುತ್ತಿದ್ದರು. ಮಷೀನಿನಿಂದ ಬರೀ ಗರಗರ ಸದ್ದು.

ತನು ಓಡಿಹೋಗಿ ಹೊಟ್ಟೆಯ ಹತ್ತಿರ ಬಗ್ಗಿದಳು.

"ಸಾರಿ! ಸಾರಿ! ತೂ ಯೇ ನಾ, ಪ್ಲೀಸ್! ಬಾರೋ... ಬಾರೇ... ಯಾರಿದ್ದರೂ ಬಾ! ನಾ ಸಿಟ್ಟೀಲೆ ಅಂದಿದ್ದೆ. ಖರೇ ಅಲ್ಲ ಅದು!"

"ಏ ಹುಡುಗೀ!" ಅಂತ ನರ್ಸ್ ಅವಳನ್ನು ಹಿಂದಕ್ಕೆ ಎಳೆದಳು. ಬೆಲ್ಟನ್ನು ಸ್ವಲ್ಪ ಆಚೆ ಸರಿಸಿದಳು.

ಟಪಟಪಟಪಟಪ!

ಅಜ್ಜಿ ಕಲ್ಲಿನಲ್ಲಿ ಬೆಳ್ಳುಳ್ಳಿ ಜಜ್ಜುವಾಗ ಬರುವ ಸದ್ದಿನ ಹಾಗೆ, ಅದಕ್ಕಿಂತಲೂ ಬಿರುಸಾಗಿ.

"ಕೂಸಿನ ಎದೆಬಡಿತ," ಡಾಕ್ಟರು ಮರಾಠಿಯಲ್ಲಿ ಹೇಳಿದರು. "ಚೆನ್ನಾಗಿದೆ. ಇನ್ನೂ ಸ್ವಲ್ಪ ಹೊತ್ತು ನೋಡೋಣ."

ಎಲ್ಲರೂ ಕಾದರು. ಟಪಟಪ ನಿಲ್ಲಲಿಲ್ಲ. ಆಮೇಲೆ ಮಮ್ಮಿ ಒಮ್ಮೆಲೇ "ಹಾಂ!" ಅಂದಳು. "ಒದೀತು! ಈಗ ಒದೀತು!" ಮಮ್ಮಿ ನಗುತ್ತಲೂ ಇದ್ದಳು, ಅಳುತ್ತಲೂ ಇದ್ದಳು.

"ನಿದ್ದೆ ಮಾಡ್ತಾ ಇತ್ತು ಅಷ್ಟೇ," ಡಾಕ್ಟರು ಹೇಳಿದರು. "ಆದರೂ ಬಂದದ್ದು ಒಳ್ಳೆಯದಾಯಿತು. ಇಂಥದ್ದಕ್ಕೆ ಕಾಯಬಾರದು." ಆಮೇಲೆ ತನುವಿನ ಕಡೆ ತಿರುಗಿ, "ನೀನು ಯಾತಕ್ಕೆ ಸಾರಿ ಕೇಳಿದೆ?" ಅಂದರು.

ತನು ಬಿಕ್ಕುತ್ತಾ ಮರಾಠಿಯಲ್ಲೇ ಎಲ್ಲಾ ಹೇಳಿದಳು. ಡಾಕ್ಟರು ನಗಲಿಲ್ಲ. "ಈಗ ಅದಕ್ಕೆ ಧ್ವನಿ ಕೇಳಿಸುತ್ತೆ, ಮಾತಿನ ಅರ್ಥ ತಿಳಿಯೋದಿಲ್ಲ. ಮರಾಠಿಯೂ ಇಲ್ಲ, ಕನ್ನಡವೂ ಇಲ್ಲ. ಅದನ್ನೆಲ್ಲ ಹುಟ್ಟಿದ ಮೇಲೆ ನಿಧಾನಕ್ಕೆ ಕಲಿಯುತ್ತೆ. ನಿನ್ನಿಂದಲೇ ಕಲಿಯುತ್ತೆ."

ಅಜ್ಜಿ ಚಡಪಡಿಸಿದಳು. "ಏನಂತಾರ ಡಾಕ್ಟರು? ಹುಡುಗಿ ಯಾಕ ಅಳಾಕ ಹತ್ಯಾಳ? ಯಾರರ ನನಗೂ ಹೇಳ್ರೆವ್ವಾ!"

ಮಮ್ಮಿ ಕನ್ನಡದಲ್ಲಿ ಹೇಳಿದಳು. "ಕೂಸಿಗೆ 'ನೀ ಬರಬ್ಯಾಡ' ಅಂದಿದ್ಲಂತ ಅವ್ವಾ, ನಿನ್ನೆ."

ಅಜ್ಜಿ ಬೈಯುತ್ತಾಳೆ ಅಂದುಕೊಂಡು ತನು ತಲೆ ತಗ್ಗಿಸಿದಳು. ಅಜ್ಜಿ ಸೆರಗು ಬಾಯಿಗೆ ಹಿಡಿದು ಕಿಸಕ್ಕನೆ ನಕ್ಕುಬಿಟ್ಟಳು.

"ಅಯ್ಯ, ಇಷ್ಟ ಏನ! ಇಕಿ ಹೊಟ್ಟ್ಯಾಗ ಇದ್ದಾಗ ನೀ ಏನ ಕಡಿಮಿ ಅಂದಿದ್ದೇನವ್ವಾ? 'ಬ್ಯಾಂಕಿನ ಪರೀಕ್ಷಾ ಬಂದಾವ, ಈಗ್ಯಾಕ ಬಂತು ಈ ಕೂಸು' ಅಂತ ನನ್ನ ಮುಂದ ಕುಂತು ಗೊಳೋ ಅಂತ ಅತ್ತಿದ್ದಿ!"

"ಅವ್ವಾ!" ಅಂದಳು ಮಮ್ಮಿ. ಅವಳ ಮುಖ ಕೆಂಪಾಯಿತು. ಆಡಿದ ಮಾತು ಆಡಿ ಆಗಿತ್ತು.

ಮನೆಗೆ ಹೊರಟಾಗ ಮಳೆ ನಿಂತಿತ್ತು. ರಿಕ್ಷಾದಲ್ಲಿ ತನು ಮಮ್ಮಿಗೆ ಒತ್ತಿಕೊಂಡು ಕೂತಳು.

"ಮಮ್ಮಿ, ನೀ ನನಗ ಖರೇನ ಹಂಗ ಅಂದಿದ್ದೇನ?"

ಮಮ್ಮಿ ಸುಳ್ಳು ಹೇಳಲಿಲ್ಲ. "ಅಂದಿದ್ದೆ. ಭಾಳ ಅಂಜಿಕಿ ಬಂದಿತ್ತು ನನಗ."

"ದೊಡ್ಡಾಕಿ ಇದ್ದೂ?"

"ದೊಡ್ಡವರಿಗೂ ಬರ್ತದ ಬಂಗಾರಾ. ಏನ ಆಕ್ಕತಿ ಏನೋ ಅಂತ."

"ಆಮ್ಯಾಲ?"

"ಆಮ್ಯಾಲ ನೀ ಬಂದಿ. ಒಂದ ಸವನ ಅಳಾಕ ಹತ್ತಿದ್ದಿ. ನರ್ಸ್ ಎತ್ತಿಕೊಂಡರೂ ಇಲ್ಲ, ಅಜ್ಜಿ ಎತ್ತಿಕೊಂಡರೂ ಇಲ್ಲ. ನಾ ಮಕ್ಕೊಂಡಲ್ಲಿಂದನ 'ಯಾಕ ಬಂಗಾರಾ' ಅಂದೆ. ಟಕ್ಕಂತ ಸುಮ್ಮನಾಗಿ ನನ್ನ ಕಡೆ ಹೊಳ್ಳಿದಿ."

ತನು ಯೋಚಿಸಿದಳು. ತನ್ನ ತಲೆಯೊಳಗೆಲ್ಲ ಹುಡುಕಿದಳು. 'ಈಗ್ಯಾಕ ಬಂತು ಈ ಕೂಸು' ಅನ್ನುವ ಮಾತು ಎಲ್ಲೂ ಸಿಗಲಿಲ್ಲ. ಬೇಜಾರೂ ಸಿಗಲಿಲ್ಲ. ಅದನ್ನು ಅಂದವಳೂ ಮಮ್ಮಿಯೇ, ಬಂಗಾರಾ ಅಂದವಳೂ ಮಮ್ಮಿಯೇ. ತಾನು ಹೊಟ್ಟೆಯಿಂದ ಹೊರಗೆ ಬರುವಾಗ ತಂದುಕೊಂಡದ್ದು ಆ ಧ್ವನಿಯೊಂದನ್ನೇ.

ಅವಳು ಮಮ್ಮಿಯ ಹೊಟ್ಟೆಯ ಮೇಲೆ ಕೈ ಇಟ್ಟಳು. ಏನು ಹೇಳುವುದು? ಸಾರಿ ಆಗಲೇ ಹೇಳಿ ಆಗಿತ್ತು. ರಿಕ್ಷಾ ಶಿವಾಜಿನಗರದ ಸಿಗ್ನಲ್ಲಿನಲ್ಲಿ ನಿಂತಿತು. ಸುತ್ತ ಬಸ್ಸುಗಳು ಒಂದೇ ಸಮನೆ ಹಾರ್ನು ಹೊಡೆಯುತ್ತಿದ್ದವು.

ತನು ಬಗ್ಗಿ, ಸ್ವಲ್ಪ ಜೋರಾಗಿಯೇ ಹೇಳಿದಳು.

"ಅಂಜಬ್ಯಾಡ. ಇದು ಬಸ್ಸಿನ ಹಾರ್ನು. ಸಿಗ್ನಲ್ ಕೆಂಪ ಅದ, ಅದಕ್ಕ ನಿಂತೀವಿ. ಬಾಜೂಕ ಒಬ್ರು ಸ್ಕೂಟಿ ಮ್ಯಾಲ ನಾಯಿ ಕುಂದ್ರಿಸಿಕೊಂಡಾರ. ನಾಯಿ ಅಂದ್ರೇನಂತ ಆಮ್ಯಾಲ ಹೇಳ್ತೀನಿ. ನಾನು ತನು. ಹಾಂ... ಈಗ ಹಸಿರಾತು. ಹೊಂಟ್ವಿ ನೋಡ."