ಇನ್ನೂರ ಹನ್ನೆರಡನೇ ಪರೀಕ್ಷೆ

ಬಾಟಲಿ ಬರಿದಾಗಿ ಎರಡು ನಿಮಿಷ ಕಳೆದರೂ ಪಂಪಿನ ಅಲಾರಂ ಕೂಗಲಿಲ್ಲ.

ರೋಗಿಯ ರಕ್ತನಾಳಕ್ಕೆ ಔಷಧ ಹನಿಸುವ ಪಂಪು ಅದು. ಪುಣ್ಯಕ್ಕೆ ಇವತ್ತು ಬಾಟಲಿಯಲ್ಲಿದ್ದದ್ದು ಬರೀ ನೀರು. ನೋಡಲು ಬಂದಿದ್ದ ಆಸ್ಪತ್ರೆಯವರು ಅರ್ಧಕ್ಕೇ ಎದ್ದು ಹೋದರು.

ಕಾರಣ ಹತ್ತೇ ನಿಮಿಷದಲ್ಲಿ ಸಿಕ್ಕಿತು. ಅಲಾರಂ ಬಾರಿಸುವ ಸಾಲೇ ಪ್ರೋಗ್ರಾಮಿನಿಂದ ಮಾಯ. ಅಳಿಸಿದ್ದು ರಿಪೇರಿ ಟೂಲ್. ಪ್ರೋಗ್ರಾಮಿನ ತಪ್ಪನ್ನು ತಾನೇ ಹುಡುಕಿ ತಾನೇ ತಿದ್ದುವ ಅದನ್ನು ಕಚೇರಿಗೆ ತಂದವಳು ಆರು ತಿಂಗಳ ಹಿಂದೆ ಸೇರಿದ ಹುಡುಗಿ. ಅಲಾರಂ ಸುಮ್ಮಸುಮ್ಮನೆ ಕೂಗುತ್ತದೆಂಬ ದೂರಿಗಾಗಿ ನಿನ್ನೆ ಅದನ್ನು ತನ್ನ ಕಂಪ್ಯೂಟರಿನಲ್ಲಿ ಓಡಿಸಿ, ತಿದ್ದಿದ ಪ್ರೋಗ್ರಾಮನ್ನು ಅಲ್ಲಿಂದಲೇ ನೇರವಾಗಿ ಪಂಪಿಗೆ ಹಾಕಿದ್ದಳು.

"ಮಧ್ಯಾಹ್ನದೊಳಗೆ ವರದಿ ಕೊಡಿ," ಎಂದರು ಮ್ಯಾನೇಜರು ಪರೀಕ್ಷಕಿಗೆ. "ತಪ್ಪು ಅವಳದ್ದಾದ್ರೆ ಇವತ್ತೇ ಕೆಲಸದಿಂದ ತೆಗೀತೀನಿ."

ಪರೀಕ್ಷಕಿಗೆ ಒಳಗೊಳಗೇ ಖುಷಿಯಾಯಿತು. ಬೆನ್ನಿಗೇ ನಾಚಿಕೆಯೂ. ಹನ್ನೊಂದು ವರ್ಷ ಇಲ್ಲಿ ಪ್ರೋಗ್ರಾಮುಗಳಿಗೆ ಪರೀಕ್ಷೆ ಬರೆದು ತಪ್ಪು ಹುಡುಕಿದವಳು ಅವಳು. ಈಗ ಮೀಟಿಂಗಿನಲ್ಲಿ ಎಲ್ಲರ ಕುರ್ಚಿಯೂ ತಿರುಗುವುದು ಆ ಹುಡುಗಿಯ ಕಡೆಗೆ.

\* \* \*

"ನೋಡಿದ್ಯೇನಮ್ಮಾ ಅವಳ ಮುದ್ದಿನ ಟೂಲು?" ಡಾಕ್ಟರು ಚಹಾ ಊದುತ್ತ ನಕ್ಕರು. ಕಾಯಿಲೆ ಬಿದ್ದ ಪ್ರೋಗ್ರಾಮುಗಳ ನಾಡಿ ಹಿಡಿಯುವ ಆ ಹಿರಿಯ ಪ್ರೋಗ್ರಾಮರಿಗೆ ಕಚೇರಿ ಇಟ್ಟ ಹೆಸರದು. "ಮಗು ಅಳುತ್ತೆ ಅಂದ್ರೆ ಬಾಯಿಗೇ ಪ್ಲಾಸ್ಟರ್ ಹಾಕಿದೆ!"

ಹುಡುಗಿಯ ಕಣ್ಣು ಕೆಂಪಾಗಿತ್ತು. "ಪರೀಕ್ಷೆ ಎಲ್ಲಾ ಪಾಸಾಗಿತ್ತಲ್ಲ ಅಕ್ಕಾ. ಅದಕ್ಕೇ ಒಪ್ಪಿಗೆ ಒತ್ತಿದೆ."

"ಅದು ಏನು ತಿದ್ದಿದೆ ಅಂತ ಓದಲಿಲ್ವಾ?" ಎಂದಳು ಪರೀಕ್ಷಕಿ.

"ಇಲ್ಲ."

ವರದಿಗೆ ಇಷ್ಟು ಸಾಕಿತ್ತು. ಬರೆಯತೊಡಗಿದವಳ ಕೈ ನಿಂತಿತು. ಬಾಟಲಿ ಬರಿದಾದರೆ ಅಲಾರಂ ಕೂಗಲೇಬೇಕು ಎಂಬ ಪರೀಕ್ಷೆಯನ್ನು ಬರೆದವಳು ಅವಳೇ. ಅದಿದ್ದೂ ಎಲ್ಲ ಪಾಸಾದದ್ದು ಹೇಗೆ?

ಹುಡುಗಿಯ ಕಂಪ್ಯೂಟರ್ ನೋಡಿದಳು. ಪರೀಕ್ಷೆಗಳು ಇನ್ನೂರ ಹನ್ನೆರಡು. ಟೂಲ್ ನಿನ್ನೆ ಓಡಿಸಿದ್ದು ಇನ್ನೂರ ಹನ್ನೊಂದು. ತನ್ನದೇ ಎಣಿಕೆ ತಪ್ಪಿತೇ? ಮೂರು ಸಲ ಎಣಿಸಿದಳು. ಆಮೇಲೆ ಅಲ್ಲಿದ್ದ ತನ್ನ ಅಲಾರಂ ಪರೀಕ್ಷೆಯನ್ನೇ ತೆರೆದು, ಒಂದು ಸಾಲು ನೋಡಿ, ತಲೆ ಹಿಡಿದು ಕೂತಳು.

ವರದಿಯನ್ನು ಹಾಗೇ ಕೊಟ್ಟುಬಿಟ್ಟರೆ ಯಾರೂ ಕೇಳುತ್ತಿರಲಿಲ್ಲ.

\* \* \*

"ಟೂಲಿಗೆ ಪಂಪು ಗೊತ್ತಿಲ್ಲ, ರೋಗಿ ಗೊತ್ತಿಲ್ಲ," ಎಂದಳು ಪರೀಕ್ಷಕಿ. ಮ್ಯಾನೇಜರ ಕೋಣೆಯಲ್ಲಿ ಡಾಕ್ಟರೂ ಕೂತಿದ್ದರು. "ಎಲ್ಲಾ ಪರೀಕ್ಷೆ ಪಾಸಾಗೋ ತಿದ್ದುಪಡಿ ಸಿಕ್ಕರೆ ಅದಕ್ಕೆ ಸಾಕು. ಅಲಾರಂ ಪರೀಕ್ಷೆ ಇದ್ದಿದ್ರೆ ಈ ತಿದ್ದುಪಡಿ ಅಲ್ಲೇ ಫೇಲಾಗ್ತಿತ್ತು. ಯಾರೋ ಅದನ್ನ ಅವಳ ಕಂಪ್ಯೂಟರಿಂದ ಮೊದಲೇ ತೆಗೆದು, ಆಮೇಲೆ ವಾಪಸ್ ಇಟ್ಟಿದ್ದಾರೆ."

"ಅವಳೇ ಇರಬೇಕು," ಎಂದರು ಡಾಕ್ಟರು.

"ಬರಿದಾದ ಐದು ಸೆಕೆಂಡಿಗೆ ಕೂಗಬೇಕು ಅಂತ ನಾನು ಬರೆದದ್ದು. ಉಳಿದವರ ಕಂಪ್ಯೂಟರಲ್ಲೂ ಐದೇ ಇದೆ. ವಾಪಸ್ ಇಟ್ಟದ್ದರಲ್ಲಿ ಮೂರು. ಮೂರು ಸಾಕು ಅಂತ ಹಠ ಹಿಡಿದವರು ನೀವೊಬ್ಬರೇ. ಮ್ಯಾನೇಜರು ಬೇಡ ಅಂದ ಮೇಲೂ ನಿಮ್ಮ ಕಂಪ್ಯೂಟರಲ್ಲಿ ಹಾಗೇ ಇಟ್ಕೊಂಡಿದ್ರಿ. ವಾಪಸ್ ಇಡುವಾಗ ಅದನ್ನೇ ಇಟ್ಟಿದ್ದೀರಿ. ಇಲ್ಲ ಅನ್ನಿ, ಈಗಲೇ ತೆರೆದು ನೋಡೋಣ."

ಡಾಕ್ಟರು ಏಳಲಿಲ್ಲ.

"ಮೊದಲು ಪ್ರತಿಯೊಬ್ಬರೂ ನನ್ನ ಮೇಜಿಗೆ ಬರ್ತಿದ್ರು," ಎಂದರು. "ಆರು ತಿಂಗಳಿಂದ ಒಬ್ಬರೂ ಬಂದಿಲ್ಲ. ಆ ಟೂಲು ಒಂದು ಸಲ ಎಲ್ಲರ ಎದುರು ಎಡವಲಿ ಅನ್ನಿಸ್ತು. ನಿಂಗೆ ಹೊಟ್ಟೆ ಉರೀಲಿಲ್ವಾ?"

"ಉರೀತು. ಈಗಲೂ ಉರೀತಿದೆ."

ಹೊರಗೆ ಹುಡುಗಿ ಓಡಿಬಂದು ಕೈ ಹಿಡಿದುಕೊಂಡಳು. "ನಿಮ್ಮಿಂದ ಉಳಿದೆ ಅಕ್ಕಾ."

ಪರೀಕ್ಷಕಿ ಕೈ ಬಿಡಿಸಿಕೊಂಡಳು. "ಓದದೆ ಒಪ್ಪಿಗೆ ಒತ್ತಿದ್ದು ನೀನೇ ತಾನೆ? ವರದಿಯಲ್ಲಿ ಅದೂ ಇದೆ."

ಹುಡುಗಿ ತಲೆ ತಗ್ಗಿಸಿದಳು. ಪರೀಕ್ಷಕಿ ಅವಳನ್ನು ಕಂಪ್ಯೂಟರಿನ ಮುಂದೆ ಕೂರಿಸಿದಳು. ಆಮೇಲೆ ಕುರ್ಚಿ ಎಳೆದು ಅವಳ ಪಕ್ಕದಲ್ಲೇ ಕೂತಳು.

"ತೆಗಿ ಆ ತಿದ್ದುಪಡೀನ. ಸಾಲು ಸಾಲಾಗಿ ಓದು. ನಂಗೆ ಕೇಳೋ ಹಾಗೆ."