ಏಮೋಸ್ ಖಾಲಿ ಬಿಟ್ಟ ಗೂಡು

ನಂಬುವುದು ಬಿಡುವುದು ನಿಮಗೆ ಸೇರಿದ್ದು. ನೆಬ್ರಾಸ್ಕದ ಬಯಲಲ್ಲಿ ನನ್ನದು ಕೋವಿ ರಿಪೇರಿ ಅಂಗಡಿ. ಗಿರಾಕಿಗಳಿಲ್ಲದ ಒಂದು ಚಳಿಗಾಲದ ಮಧ್ಯಾಹ್ನ ಲವೀನಿಯಕ್ಕ ಬಂದು, ತೀರಿಕೊಂಡ ಗಂಡ ಏಮೋಸ್‌ನ ರಿವಾಲ್ವರನ್ನು ಮೇಜಿನ ಮೇಲಿಟ್ಟಳು. ತೋಟಾ ಬರುವ ಮುಂಚೆ, ಮದ್ದನ್ನೂ ಗುಂಡನ್ನೂ ಬಿಡಿಬಿಡಿಯಾಗಿ ಗಿಡಿಯುತ್ತಿದ್ದ ಕಾಲದ್ದು. ಅದರ ತಿರುಗಣೆಯಲ್ಲಿ ಗುಂಡು ಕೂರುವ ಆರು ಗೂಡುಗಳನ್ನು ಹಿಂದಿನಿಂದ ಕೊರೆದು, ತೋಟಾ ಹಾಕುವಂತೆ ಮಾಡಿಕೊಟ್ಟವನು ನಾನೇ. ಇಂಥ ಹಳೆಯ ಗೂಡುಗಳ ಅಳತೆಗೆ ತಕ್ಕಂತೆಯೇ ಹೊಸ ತೋಟಾಗಳ ದಪ್ಪ ಗೊತ್ತಾದದ್ದು.

"ಆರೂ ತುಂಬಿಕೊಡು ಮಾರಾಯ. ಒಬ್ಬಳೇ ಇರ್ತೀನಿ."

"ಕುದುರೆ ಸವಾರೀಲಿ ಕುಲುಕಿದ್ರೆ ಗುಂಡು ಹಾರುತ್ತೆ ಅಂತ ಎಲ್ರೂ ಹೊಡೆಯೋ ಸುತ್ತಿಗೆ ಕೆಳಗಿನ ಒಂದು ಗೂಡು ಖಾಲಿ ಬಿಡ್ತಾರಲ್ಲಕ್ಕ. ಏಮೋಸೂ ಬಿಡ್ತಿದ್ದ."

"ಅವನು ಖಾಲಿ ಬಿಟ್ಟಿದ್ದು ಸಾಕು."

ಐದು ತೋಟಾ ಸಲೀಸಾಗಿ ಇಳಿದವು. ಆರನೆಯದು ಅರ್ಧಕ್ಕೇ ನಿಂತಿತು. ಅಳೆದು ನೋಡಿದೆ, ಆರೂ ಗೂಡು ಒಂದೇ ಅಳತೆ. ಪಕ್ಕದಲ್ಲೇ ಒಲೆ ಉರಿಯುತ್ತಿದ್ದರೂ ಆ ಒಂದು ಗೂಡಿನ ಅಂಚು ಬೆರಳು ಮರಗಟ್ಟುವಷ್ಟು ತಣ್ಣಗಿತ್ತು. ಹೆಬ್ಬೆರಳಿನಿಂದ ಒತ್ತಿದೆ. ಆ ಕಡೆಯಿಂದ ಯಾರೋ ಬೆರಳಿಟ್ಟು ತಳ್ಳಿದಂತೆ ತೋಟಾ ಮೆಲ್ಲಗೆ ಹೊರಬಂತು.

ಲವೀನಿಯಕ್ಕ ಆ ಗೂಡಿನ ಬಾಯನ್ನು ಸವರಿದಳು. "ಇರ್ಲಿ ಬಿಡು," ಎಂದವಳೇ ಐದರಲ್ಲೇ ಹೊರಟುಹೋದಳು.

ಉಳಿದ ಆ ತೋಟಾವನ್ನು ಒಲೆಯ ಕಟ್ಟೆಯ ಮೇಲೆ ಇಟ್ಟಿದ್ದೇನೆ. ಎಷ್ಟೋ ಚಳಿಗಾಲ ಕಳೆದವು. ಅದು ಇನ್ನೂ ಬೆಚ್ಚಗಾಗಿಲ್ಲ.