ಹಿಮ್ಮಡಿಯ ಗುರುತು

ಇದನ್ನು ಕೇಳಿ ನಗುವವರು ಈಗಲೇ ಎದ್ದು ಹೋಗಲಿ. ಭತ್ತದ ನಾಟಿ ಮುಗಿಸಿದ ರಾತ್ರಿಯೇ ಹುಚ್ಚುಮಳೆ ಸುರಿದು, ಗದ್ದೆಯಲ್ಲಿದ್ದ ಪೈರನ್ನೆಲ್ಲ ಕೊಚ್ಚಿಕೊಂಡು ಹೋಯಿತು. ಬೆಳಿಗ್ಗೆ ಮಳೆ ನಿಂತ ಮೇಲೆ ಬಾಗಿಲು ತೆಗೆದರೆ, ಅದೇ ಪೈರು ನಮ್ಮ ಅಂಗಳದ ಕೆಸರಿನಲ್ಲಿ ಸಾಲಾಗಿ ನಾಟಿಯಾಗಿತ್ತು. ಸಾಲು ಗದ್ದೆಯ ಬದುವಿನಿಂದ ನೇರ ನಮ್ಮ ಹೊಸ್ತಿಲಿಗೆ ಬಂದಿತ್ತು.

"ಯಾವನೋ ಬೇಕಂತ್ಲೇ ಮಾಡಿದಾನೆ. ಕೈಗೆ ಸಿಗ್ಲಿ, ಚರ್ಮ ಸುಲಿತೀನಿ!" ಎಂದು ಕಿರುಚಿ ಒಂದು ಸಸಿ ಕಿತ್ತೆ. ಬೇರು ಮಂಜುಗಡ್ಡೆಯಂತೆ ಕೊರೆಯಿತು. ಅಷ್ಟು ಹೊತ್ತು ವಟಗುಟ್ಟುತ್ತಿದ್ದ ಕಪ್ಪೆಗಳೆಲ್ಲ ಒಟ್ಟಿಗೇ ಬಾಯಿ ಮುಚ್ಚಿದವು.

ಹೆಂಡತಿ ತೋಳು ಹಿಡಿದೆಳೆದಳು. "ಬೈಬೇಡಿ. ಮೊದ್ಲು ಆ ಹೆಜ್ಜೆ ನೋಡಿ."

ಸಾಲಿನುದ್ದಕ್ಕೂ ಬರಿಗಾಲಿನ ಗುರುತುಗಳಿದ್ದವು. ಬೆರಳುಗಳು ಗದ್ದೆಯ ಕಡೆಗೆ, ಹಿಮ್ಮಡಿಗಳು ನಮ್ಮ ಮನೆಯ ಕಡೆಗೆ.

"ಹೊರಟೋಗಿದಾನೆ ಬಿಡು," ಎಂದೆ.

"ನಾಟಿ ಮಾಡೋರು ಮುಂದಕ್ಕೆ ನಡೀತಾರೇನ್ರೀ?" ಎಂದಳು.

ಇಲ್ಲ. ಹಿಂದಕ್ಕೆ ಹಿಂದಕ್ಕೆ ಸರಿಯುತ್ತಲೇ ನೆಡುತ್ತಾರೆ.

ಕೊನೆಯ ಕೆಸರುಹೆಜ್ಜೆ ಹೊಸ್ತಿಲಿನ ಒಳಗಿತ್ತು. ರಾತ್ರಿ ಹಾಕಿದ್ದ ಅಗುಳಿಯನ್ನು ಬೆಳಿಗ್ಗೆ ತೆಗೆದವನು ನಾನೇ. ನಮ್ಮಿಬ್ಬರದು ಬಿಟ್ಟರೆ, ಹೊರಗೆ ಹೋದ ಹೆಜ್ಜೆ ಒಂದೂ ಇರಲಿಲ್ಲ.